ಕೆರೆ ತಿರುವಿನಲ್ಲಿ ಆದದ್ದು

ರೀ,
ಕಾರಿನ ಕೀ ನನ್ನ ಹತ್ರ ಇದೆ, ಹುಡುಕಬೇಡಿ. ಇವತ್ತು ಪ್ರೆಸ್ಸಿಗೆ ಬಸ್ಸಲ್ಲೇ ಹೋಗಿ.

ನಿನ್ನೆ ಸಂಜೆ ಆ ಮಂಜಿನಲ್ಲಿ, ತಾನಾಗೇ ಓಡೋ ಗುಂಡಿ ನೀವು ಒತ್ತಿದ ಮೇಲೆ ಕಾರು ತೇಲಿಕೊಂಡು ಬರ್ತಿತ್ತು. ಮುಂದಿನ ಲಾರಿ ನಿಧಾನ ಆದ್ರೆ ತಾನೂ ನಿಧಾನ ಆಗ್ತಿತ್ತು, ಬಿಳಿ ಗೆರೆ ಬಾಗಿದ ಕಡೆ ಸ್ಟೇರಿಂಗ್ ತಾನೇ ತಿರುಗ್ತಿತ್ತು. ನನಗೂ ತೊಟ್ಟಿಲಲ್ಲಿ ಮಲಗಿದ ಹಾಗೆ ಹಿತವಾಗಿತ್ತು.

ಕೆರೆ ತಿರುವಿನಲ್ಲಿ ಗೆರೆ ಅಳಿಸಿಹೋಗಿತ್ತು. ಕಾರು ನೇರ ನೀರಿನ ಕಡೆ ಹೊರಟಿತು. "ರೀ!" ಅಂತ ಕೂಗಿದೆ. ನೀವು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ನಿದ್ದೆ ಹೋಗಿದ್ರಿ. ನಾನೇ ಎಳೆದು ತಿರುಗಿಸಿದೆ. ಆಮೇಲೆ ಕಣ್ಣು ಬಿಟ್ಟು, "ನೋಡಿದ್ಯಾ, ಕಾರು ಎಷ್ಟು ಚೆನ್ನಾಗಿ ತಿರುಗ್ತು!" ಅಂದ್ರಿ.

ನಗಬೇಕೋ ಅಳಬೇಕೋ ತಿಳೀದೆ, ಮನೆಗೆ ಬಂದ ಕೂಡಲೇ ಕೀ ತೆಗೆದಿಟ್ಟುಕೊಂಡೆ.

ಅನ್ನ ಮುಚ್ಚಿಟ್ಟಿದ್ದೀನಿ. ನಿದ್ದೆಗೆಟ್ಟು ಎರಡೆರಡು ಪಾಳಿ ಮಾಡಿದ್ದು ಸಾಕು, ಇವತ್ತು ಎರಡನೇ ಪಾಳಿ ಒಪ್ಕೋಬೇಡಿ. ಬೇಗ ಬಂದು ಮಲಗಿ, ನಾನು ಪಕ್ಕದಲ್ಲೇ ಇರ್ತೀನಿ.