ಆಲೂಗಡ್ಡೆ ವಾಸನೆಯ ಮೂರು ಬಟ್ಟಲು

ಹುಯೆ, ರುವಾಂಡಾ
ಜುಲೈ ೯

ಹಿರಿಯರಾದ ಸೆಬಾಹಿರೆ ಅವರಿಗೆ ನಮಸ್ಕಾರ.

ನಿಮ್ಮ ಕಾಫಿ ರಫ್ತಿಗೆ ಯೋಗ್ಯವಲ್ಲ ಎಂಬ ವರದಿಗೆ ಸಹಿ ಹಾಕಿದವಳು ನಾನೇ. ನಿಮ್ಮ ಮಾದರಿಯಿಂದ ಕಾಸಿದ ಹತ್ತು ಬಟ್ಟಲು ಕಾಫಿಯಲ್ಲಿ ಮೂರು ಹಸಿ ಆಲೂಗಡ್ಡೆಯಂತೆ ನಾರುತ್ತಿದ್ದವು. ಜೊತೆಯ ಇಬ್ಬರು ಪರೀಕ್ಷಕರೂ ಅದನ್ನೇ ಬರೆದಿದ್ದಾರೆ. ಮಾದರಿಗಳ ಮೇಲೆ ಸಂಖ್ಯೆ ಮಾತ್ರ ಇರುತ್ತದೆ. ಯಾರದೆಂದು ಆಮೇಲೆ ತಿಳಿಯಿತು, ತಿಳಿದಾಗ ಸಂತೋಷವಾಯಿತು.

ನಿಮ್ಮಲ್ಲಿ ಕಾಫಿಯ ರುಚಿ ನೋಡುವ ಕೆಲಸದಲ್ಲಿದ್ದಾಗ, ಹುರಿಯುವ ಕೋಣೆಗೆ ಹೊಗೆಕೊಳವೆ ಹಾಕಿಸಿ ಎಂದು ಮೂರು ಸಲ ಕೇಳಿದ್ದೆ. ಮೂಗು ಕಟ್ಟಿ ನನಗೆ ವಾಸನೆಯೇ ತಿಳಿಯದಂತಾದಾಗ, ಕೆಲಸಗಾರರ ಎದುರು ನೀವು ಅಂದಿರಿ: "ಮೂಗೇ ಇಲ್ದವಳಿಗೆ ಕಾಫಿ ಯಾಕಮ್ಮ? ಸಂತೇಲಿ ಬಾಳೆಗೊನೆ ಮಾರ್ಕೊಂಡಿರು, ಹೋಗು." ಎಲ್ಲರೂ ನಕ್ಕರು.

ಅದು ನೆಗಡಿಯಲ್ಲ, ಸೈನಸ್‌ನ ಹಳೆಯ ಉರಿಯೂತ ಎಂದರು ವೈದ್ಯರು. ನಿಮ್ಮಲ್ಲಿಯ ಕೆಲಸ ಬಿಟ್ಟು ಹೊಗೆಯಿಂದ ದೂರವಿದ್ದೆ. ಕುದಿಸಿ ಆರಿಸಿದ ಉಪ್ಪುನೀರಿನಿಂದ ದಿನಕ್ಕೆರಡು ಸಲ ಮೂಗು ತೊಳೆದೆ, ಔಷಧ ಸಿಂಪಡಿಸಿಕೊಂಡೆ. ಎಂಟನೇ ತಿಂಗಳು, ಒಲೆಯ ಮೇಲೆ ಕಾಳು ಸೀದ ವಾಸನೆ ಬಂದಾಗ ಅತ್ತುಬಿಟ್ಟೆ. ಈಗಲೂ ತೊಳೆಯುವುದನ್ನು ತಪ್ಪಿಸುವುದಿಲ್ಲ. ಬಿಟ್ಟರೆ ಮತ್ತೆ ಕಟ್ಟುತ್ತದೆ.

ನನ್ನ ನಂತರ ಆ ಹೊಗೆಯಲ್ಲಿ ನಿಂತು ನೀವೇ ರುಚಿ ನೋಡುತ್ತಿದ್ದೀರಂತೆ. ಆ ಮೂರು ಬಟ್ಟಲು ನಿಮ್ಮ ಮೂಗಿಗೆ ಯಾಕೆ ಸಿಗಲಿಲ್ಲ ಎಂಬುದು ನನಗೆ ಗೊತ್ತು.

ಮರುಪರೀಕ್ಷೆ ಮುಂದಿನ ತಿಂಗಳು. ಅಷ್ಟರಲ್ಲಿ ಹೊಗೆಕೊಳವೆ ಹಾಕಿಸಿ. ಪರೀಕ್ಷೆಗೆ ನೀವೇ ಬನ್ನಿ, ಅಂದು ನಕ್ಕವರನ್ನೂ ಕರೆತನ್ನಿ. ನೀರಿಗೆ ಉಪ್ಪೆಷ್ಟು ಹಾಕಬೇಕೆಂದು ಅವರೆದುರು ನನ್ನನ್ನು ಕೇಳಿ. ಹೇಳಿಕೊಡುತ್ತೇನೆ.

ಇತಿ,
ನಿಮ್ಮಲ್ಲಿ ಮೂಗಿಲ್ಲದವಳಾಗಿದ್ದ
ಮುಕಾರುತೇಸಿ