ರಬ್ಬರ್ ಹಾಕಿದ ಹಾಳೆಗಳು

ನುಂಗಂಬಾಕ್ಕಂ, ಮದರಾಸು
೧೨-೮-೧೯೫೮

ಮಾತೃಸಮಾನರಾದ ಕಲಾವತಿಯಮ್ಮನವರಿಗೆ ತುಂಗಾ ಮಾಡುವ ನಮಸ್ಕಾರಗಳು.

ಶಾಸನಗಳ ಮೇಲಿನ ನನ್ನ ಪಿಎಚ್.ಡಿ. ಪ್ರಬಂಧದ ಮೂರು ಅಧ್ಯಾಯಗಳು, ತಿದ್ದಲೆಂದು ಕೊಟ್ಟಿದ್ದವು, ನಿಮ್ಮ ಮನೆಯಲ್ಲಿ ಮೇಷ್ಟ್ರ ಮೇಜಿನಲ್ಲೇ ಉಳಿದಿದ್ದವು. ಅವರ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ನೆನಪಿಟ್ಟು ಕಳಿಸಿದಿರಿ. “ಅವ್ರು ಪುಟದ ತುಂಬಾ ಪೆನ್ಸಿಲಲ್ಲಿ ಗೀಚಿಬಿಟ್ಟಿದ್ರು ಕಣಮ್ಮ, ಎಲ್ಲಾ ರಬ್ಬರ್ ಹಾಕಿ ಅಳಿಸಿದೀನಿ” ಎಂದು ಬರೆದಿದ್ದೀರಿ. ಒಂದು ಹಾಳೆಯೂ ಹರಿದಿಲ್ಲ. ಎಷ್ಟು ಹೊತ್ತು ಕೂತಿದ್ದಿರೋ.

ಕೊನೆಯ ಅಧ್ಯಾಯ ಇನ್ನೂ ನಿಮ್ಮಲ್ಲೇ ಇರಬೇಕು. ಅದಕ್ಕೆ ಶ್ರಮ ತೆಗೆದುಕೊಳ್ಳಬೇಡಿ. ಹೇಗಿದೆಯೋ ಹಾಗೆಯೇ ಇರಲಿ, ನಾನೇ ಬಂದು ಒಯ್ಯುತ್ತೇನೆ.

ಸವೆದ ಶಾಸನವನ್ನು ಓರೆ ಬೆಳಕಿನಲ್ಲಿ ಓದಬೇಕೆಂದು ಮೇಷ್ಟ್ರೇ ಕಲಿಸಿದ್ದರು. ಈ ಹಾಳೆಗಳನ್ನೂ ಕಿಟಕಿಗೆ ಹಾಗೆಯೇ ಹಿಡಿದೆ. ಅವರು ಒತ್ತಿ ಬರೆಯುವವರಲ್ಲವೇ, ಪೆನ್ಸಿಲಿನ ಅಚ್ಚು ಉಳಿದಿದೆ. ಈಗಲೂ ಬಯ್ಯುತ್ತಿದ್ದಾರೆ.

ನಿಮ್ಮ
ತುಂಗಾ