ಚುಕ್ಕಿಯ ಎದೆಯ ಸುಳಿ

ಭಾನುವಾರ, ಮಧ್ಯಾಹ್ನ

ನೀರಪ್ಪನವರಿಗೆ,

ದಿನವಿಡೀ ಪಂಪು, ಕೊಳವೆಗಳ ಜೊತೆ ನೀರಾಟ ಆಡುತ್ತೀರೆಂದು ಮಗಳು ಚುಕ್ಕಿ ಇಟ್ಟ ಹೆಸರು. ಅದೇ ಹೆಸರಿನಿಂದ ಕರೆದೆನೆಂದು ಬೇಜಾರಾಗಬೇಡಿ. ನಾನು ಬೇರೆ ಮನೆ ಮಾಡಿದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕೋ ತೋಚುವುದಿಲ್ಲ.

ಅಣ್ಣನ ಮನೆಯಿಂದ ಮರಳಿದವರೇ ನೆಟ್ಟಗೆ ಪ್ರಯೋಗಾಲಯಕ್ಕೆ ಹೋಗುತ್ತೀರೆಂದು ಗೊತ್ತು. ಅದಕ್ಕೇ ಇದನ್ನು ಅಲ್ಲಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಬೀಗ ತೆಗೆಯುವ ಮೊದಲು ಓದಿ. ಕಿಟಕಿ ಪಕ್ಕದ ಮೇಜು ಖಾಲಿಯಾಗಿದೆ. ಚುಕ್ಕಿಯ ಹೃದಯವನ್ನು ನಾನೇ ಕೊಟ್ಟೆ.

ಅವಳನ್ನು ನೋಡುತ್ತಿದ್ದ ಸರ್ಜನ್ ಫೋನ್ ಮಾಡಿದ್ದರು. ಅವಳಿಗಿದ್ದಂಥದ್ದೇ ತೂತು, ಅದೇ ಜಾಗದಲ್ಲಿ, ಇನ್ನೊಂದು ಮಗುವಿನ ಹೃದಯದಲ್ಲಿ. ಅವಳ ಸ್ಕ್ಯಾನ್ ನೋಡಿ ನೀವು ಮಾಡಿದ ಪಾರದರ್ಶಕ ರಬ್ಬರಿನ ಮಾದರಿ ಬೇಕು, ಅದನ್ನು ಕೊಯ್ದು, ತೇಪೆ ಹಾಕಿ, ರಕ್ತ ಎತ್ತ ತಿರುಗುತ್ತದೆಂದು ಮೊದಲೇ ನೋಡಿಕೊಳ್ಳಬೇಕು ಎಂದರು. "ನಿಮ್ ಯಜಮಾನ್ರನ್ನ ಕೇಳ್ದೆ ಅಮ್ಮಾ. ಆಗಲ್ಲ ಅಂದು ಫೋನ್ ಇಟ್ಬಿಟ್ರು" ಎಂದರು. ಹೊಸದನ್ನು ಮಾಡುವಷ್ಟು ಸಮಯ ಆ ಮಗುವಿಗಿರಲಿಲ್ಲ. ನಮ್ಮವಳಿಗೂ ಇರಲಿಲ್ಲವಲ್ಲ. ಮಾದರಿ ಸಿದ್ಧವಾಯಿತು, ಆಪರೇಷನ್ನಿನವರೆಗೆ ಅವಳು ಉಳಿಯಲಿಲ್ಲ.

ಹಳೇ ಕೀಲಿ ನನ್ನ ಹತ್ತಿರವಿತ್ತು. ಬಾಗಿಲು ತೆರೆದರೆ ಒಳಗೆ ಸದ್ದು. ನೀವು ಊರಲ್ಲಿಲ್ಲ, ಪಂಪ್ ಓಡುತ್ತಲೇ ಇದೆ! ರಕ್ತದಷ್ಟೇ ಮಂದವಾಗಲೆಂದು ಗ್ಲಿಸರಿನ್ ಬೆರೆಸಿದ ಕೆಂಪು ನೀರು ತೂತಿನ ಹತ್ತಿರ ಬಂದು ಅರ್ಧ ಮುಂದೆ ಹೋಗುತ್ತಿತ್ತು, ಅರ್ಧ ದಾರಿ ತಪ್ಪಿ ಪಕ್ಕದ ಕೋಣೆಗೆ ನುಗ್ಗಿ ಸುಳಿಯಾಗುತ್ತಿತ್ತು. ನೀವು ಹಾಕಿದ ಹೊಳೆಯುವ ಪುಡಿ ಅದರಲ್ಲಿ ಸಿಕ್ಕಿ ಸುತ್ತುತ್ತಲೇ ಇತ್ತು. ಪಂಪಿಗೆ ನೀವು ಕೊಟ್ಟ ಬಡಿತವೂ ಅವಳದೇ. ಓಡಿ ಬಂದು ನನ್ನ ಬೆನ್ನಿಗೆ ಆತುಕೊಂಡಾಗ ಇರುತ್ತಿತ್ತಲ್ಲ, ನಡುನಡುವೆ ತಡವರಿಸುವ ಅದೇ ಬಡಿತ. ಅದು ನೆನಪಿರುವುದು ನನಗೊಬ್ಬಳಿಗೇ ಅಂದುಕೊಂಡಿದ್ದೆ. ನೀವು ಅಳಲಿಲ್ಲವೆಂದೇ ನಾನು ಮನೆ ಬಿಟ್ಟಿದ್ದು.

ಬೆರಳಿಟ್ಟು ನೋಡಿದೆ. ಬೆಚ್ಚಗಿತ್ತು. "ಸಾಕು ಮಗಳೇ, ಸುಸ್ತಾಯ್ತಲ್ಲ" ಎಂದು ಹೇಳಿ ಸ್ವಿಚ್ ಆರಿಸಿದೆ.

ಮಾದರಿಗೆ ಹಾಕಿದ ಮೊದಲ ತೇಪೆಗೆ ಸುಳಿ ಇನ್ನೂ ಜೋರಾಯಿತಂತೆ. ಓರೆಯಾಗಿ ಹಾಕಿದಾಗ ನೀರು ನೆಟ್ಟಗೆ ಹರಿಯಿತಂತೆ. ಆ ಮಗುವಿಗೂ ಹಾಗೆಯೇ ಹಾಕಿದರು. ನಿನ್ನೆ ಹೋಗಿ ನೋಡಿಬಂದೆ. ಹಾಲು ಬೇಡವೆಂದು ನರ್ಸಿನ ಜೊತೆ ಜಗಳ ಆಡುತ್ತಿತ್ತು. ತುಟಿ ಕೆಂಪಗಿತ್ತು, ಕಣ್ರೀ. ನಮ್ಮವಳದು ಯಾವತ್ತೂ ಆ ಬಣ್ಣಕ್ಕೆ ತಿರುಗಲಿಲ್ಲ.

ಕೇಳದೆ ಮಾಡಿದೆ. ಬೈಯಬೇಕೆನಿಸಿದರೆ ಮನೆಗೆ ಬಂದು ಬೈಯಿರಿ, ಫೋನಿನಲ್ಲಿ ಬೇಡ.

ಇಂತಿ,
ಚುಕ್ಕಿಯ ಅಮ್ಮ

ತಾ.ಕ.: ಸ್ವಿಚ್ ಆರಿಸಿದೆ ಎಂದು ಬರೆದದ್ದು ಸುಳ್ಳು. ಕೈ ಏಳಲಿಲ್ಲ. ಸರ್ಜನ್ ಅವರನ್ನೇ ಕರೆಸಿದೆ. ಅವರು ಆರಿಸುವಾಗ ಹೊರಗೆ ಕಿವಿ ಮುಚ್ಚಿಕೊಂಡು ನಿಂತಿದ್ದೆ. "ಆಯ್ತಮ್ಮಾ, ನಿಂತಿದೆ" ಅಂದರು. ನನಗೆ ಆ ಬಡಿತ ಇನ್ನೂ ಕೇಳಿಸುತ್ತಿದೆ, ಇದನ್ನು ಬರೆಯುವಾಗಲೂ. ಒಳಗೆ ಹೋದ ಮೇಲೆ ನಿಮಗೂ ಕೇಳಿಸಿದರೆ, ಅಲ್ಲಿ ಒಬ್ಬರೇ ಕೂರಬೇಡಿ.